ತವರಿನ ಕೊನೆಯ ಕೋಳಿ

ಅಫಜಲಪುರದ ಕಡೆಯ ನನ್ನ ತವರಿನಲ್ಲಿ, ಮಗಳು ಮೊದಲ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಾಗ ತೊಟ್ಟಿಲಿನ ಜೊತೆಗೆ ಒಂದು ಹೇಂಟೆಯನ್ನೂ ಕೊಟ್ಟು ಕಳಿಸುತ್ತಿದ್ದರು. ಬೇರೆ ಊರಿನವರಿಗೆ ಇದು ನಗು ಬರುವ ಸಂಗತಿ. ಮಡಿಲಲ್ಲಿ ಕೂಸು, ಕಾಲ ಬಳಿ ಬುಟ್ಟಿಯಲ್ಲಿ ಕೋಳಿ ಇಟ್ಟುಕೊಂಡು ನಾನು ಗಂಡನ ಊರಿಗೆ ಹೋಗುವ ಮಾದನಹಿಪ್ಪರಗಾದ ಬಸ್ಸಿನಲ್ಲಿ ಕೂತಿದ್ದಾಗ ಕಂಡಕ್ಟರ್, "ಎರಡರಾಗ ಯಾವುದಕ್ಕ ಟಿಕೀಟ್ ಹರೀಲಿ ಅಕ್ಕಾ?" ಎಂದು ಕೇಳಿದ. ಬಸ್ಸಿಗೆ ಬಸ್ಸೇ ನಕ್ಕಿತು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

ಆ ಕೋಳಿಯ ಬೆನ್ನು ಬೂದಿ ಬಣ್ಣ, ಎದೆ ಅಚ್ಚ ಬಿಳಿ. ಅದರ ಮಕ್ಕಳು, ಮೊಮ್ಮಕ್ಕಳು, ಎಲ್ಲದಕ್ಕೂ ಅದೇ ಬಿಳಿ ಎದೆ. ಮುಂದೆ ಅವ್ವ ತೀರಿಕೊಂಡಳು. ಅಣ್ಣ ಮನೆ ಮಾರಿ ಎಲ್ಲೋ ಹೋದ. ಆ ಊರಿಗೆ ಹೋಗಲು ನನಗೊಂದು ನೆಪವೂ ಉಳಿಯಲಿಲ್ಲ. ತವರು ಅಂತ ಉಳಿದದ್ದು ನನ್ನ ಅಂಗಳದಲ್ಲಿ ಕೆದರಿಕೊಂಡು ತಿರುಗುವ ಈ ಬಿಳಿ ಎದೆಯ ಕೋಳಿಗಳು ಮಾತ್ರ.

ಹೋದ ಬೇಸಿಗೆಯಲ್ಲಿ ರೋಗ ಬಂತು. ಕತ್ತು ತಿರುಚಿಕೊಂಡು, ಹಸಿರು ಹೇತು, ಒಂದರ ಹಿಂದೆ ಒಂದು ಬಿದ್ದವು. ಹುಂಜವೂ ಹೋಯಿತು. ಕಾವಿಗೆಂದು ತೊಗರಿ ಹೊಟ್ಟಿನ ಕೋಣೆಯ ಮೂಲೆ ಹಿಡಿದು ಒಂಟಿಯಾಗಿ ಕೂತಿದ್ದ ಒಂದೇ ಒಂದು ಹೇಂಟೆ ಬದುಕಿತು. ಅದಕ್ಕೂ ವಯಸ್ಸಾಗಿತ್ತು. ಆದರೆ ಸತ್ತ ಕೋಳಿಗಳು ರೋಗಕ್ಕೆ ಮುಂಚೆ ಇಟ್ಟ ತತ್ತಿಗಳು ಇದ್ದವು. ನಮ್ಮತ್ತೆ ಕಾವಿಗೆ ಇಡುವ ತತ್ತಿಗಳನ್ನು ಯಾರೂ ಕರಿದು ತಿನ್ನದಿರಲಿ ಎಂದು ಜೋಳದ ಪೀಪಾಯಿಯಲ್ಲಿ ಹುಗಿದಿಡುತ್ತಿದ್ದಳು. ಜೋಳದೊಳಗೆ ತಂಪು ಇರುತ್ತದೆ, ತತ್ತಿ ಉರುಳುವುದಿಲ್ಲ, ಒಡೆಯುವುದಿಲ್ಲ. ನಮ್ಮ ಕಡೆ ಎಲ್ಲರೂ ಮಾಡುವುದು ಹಾಗೆಯೇ.

"ಅಳಬ್ಯಾಡ ಬೇ. ಬೀಜ ಅದಾವಲ್ಲ, ಕೋಳಿ ಎಲ್ಲಿ ಹೋಗ್ತಾವ?" ಎನ್ನುತ್ತ ಅತ್ತೆ ಮೊಳಕೈವರೆಗೆ ಕೈ ಹಾಕಿ ಒಂದೊಂದೇ ತತ್ತಿ ತೆಗೆದು ನನ್ನ ಸೆರಗಿಗೆ ಹಾಕಿದಳು. ಬುಟ್ಟಿಗೆ ಹೊಟ್ಟು ಹಾಸಿ, ಗುಡುಗಿಗೆ ತತ್ತಿ ಕೆಡದಿರಲಿ ಎಂದು ಮುರಿದ ಕುಡುಗೋಲಿನ ತುಂಡೊಂದನ್ನು ಅಡಿಗಿಟ್ಟು, ಸಂಜೆಗೆ ಕೋಳಿಯನ್ನು ಕೂರಿಸಿದೆವು. ಅದು ಕೊಕ್ಕಿನಿಂದ ತತ್ತಿಗಳನ್ನು ಹೊಟ್ಟೆಯ ಕೆಳಗೆ ಎಳೆದುಕೊಂಡ ಚಂದ ನೋಡಿ ನನಗೆ ಅಂದು ಹೊಟ್ಟೆ ತುಂಬ ಉಂಡಷ್ಟು ಸಮಾಧಾನವಾಯಿತು.

ಬಿಸಿಲು ಅಂದರೆ ಆ ವರ್ಷದ ಬಿಸಿಲು! ತಗಡು ಕಾದು ಕೋಣೆ ಒಲೆಯಾಗುತ್ತಿತ್ತು. ನಾನು ಗೋಣಿಚೀಲ ನೆನೆಸಿ ತಗಡಿನ ಮೇಲೆ ಹಾಸುವುದು, ಅದು ಒಣಗುವುದು, ಮತ್ತೆ ನೆನೆಸುವುದು. ಕೋಳಿ ದಿನಕ್ಕೊಮ್ಮೆ ಇಳಿದು ನಾಲ್ಕು ಕಾಳು ತಿಂದು ಓಡಿ ಹೋಗಿ ಕೂರುತ್ತಿತ್ತು. ಗೋಡೆಯಾಚೆಯ ಅಜ್ಜಿ ಲಿಂಗ ಕಟ್ಟಿದವಳು, ತತ್ತಿಯ ಹೆಸರೆತ್ತಿದರೂ ಮುಖ ಕಿವುಚುವವಳು. ಅವಳೂ ದಿನಾ ಮುಂಜಾನೆ ಗೋಡೆಯ ಮೇಲೆ ತಲೆ ಇಟ್ಟು ಕೇಳುತ್ತಿದ್ದಳು: "ನಿನ್ನ ಬಾಣಂತಿ ಹ್ಯಾಂಗ ಅದಾಳವಾ?"

"ಕುಂತಾಳ್ರಿ ಅಜ್ಜಿ. ದೇವರು ಕಣ್ಣು ತೆರೀಬೇಕ್ರಿ."

ಮೂರು ವಾರ ಮುಗಿಯಿತು. ತತ್ತಿಗಳನ್ನು ಕಿವಿಗೆ ಹಚ್ಚಿ ಹಚ್ಚಿ ಕೇಳಿದೆ. ಒಳಗೆ ಕೊಕ್ಕು ಬಡಿಯುವ ಸದ್ದು ಇರಬೇಕು, ಇರಲಿಲ್ಲ. ಇನ್ನೂ ಎರಡು ದಿನ ಕಾದೆ. ಮೂರನೆಯ ದಿನ ಬೀಸಲು ಜೋಳ ತೆಗೆಯಲೆಂದು ಪೀಪಾಯಿಯ ಮುಚ್ಚಳ ತೆರೆದ ನನ್ನ ಗಂಡ, ಅರಿವೆಯಲ್ಲಿ ಕಟ್ಟಿದ ಬೂದಿಯ ಗಂಟೊಂದನ್ನು ಜೋಳದ ತಳದಿಂದ ಎತ್ತಿ ಹೊರಗೆ ಎಸೆದ.

"ಏನದು?" ಅಂದೆ.

"ನುಸಿ ಬಿದ್ದಿತ್ತಲ್ಲ, ಗುಳಿಗಿ ಹಾಕಿದ್ದೆ, ಕರಗಿ ಬೂದಿ ಆಗ್ಯದ. ಆಗೇ ಹಾಕೀನಿ, ಕೋಳಿಗೆ ರೋಗ ಬಂದಾಗ."

ಆ ಗುಳಿಗೆಯ ಹೊಗೆ ಮುಚ್ಚಿದ ಪೀಪಾಯಿಯಲ್ಲಿ ಹುಳ, ಹುಳದ ತತ್ತಿ ಯಾವುದನ್ನೂ ಬಿಡುವುದಿಲ್ಲ. ಅತ್ತೆ ತತ್ತಿ ಹುಗಿದದ್ದು ಅವನಿಗೆ ಗೊತ್ತಿರಲಿಲ್ಲ, ಅವನು ಗುಳಿಗೆ ಹಾಕಿದ್ದು ಅವಳಿಗೆ ಗೊತ್ತಿರಲಿಲ್ಲ. ಯಾರನ್ನು ಬೈಯಲಿ? ಆದರೂ ಇಬ್ಬರನ್ನೂ ಬೈದೆ. ನಾಲಿಗೆ ಒಣಗುವವರೆಗೂ ಬೈದೆ. ಅತ್ತೆ ಹೊಸ್ತಿಲ ಮೇಲೆ ಕೂತು ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು.

ತಿಪ್ಪೆಯ ಹಿಂದೆ ತತ್ತಿಗಳನ್ನು ಒಂದೊಂದಾಗಿ ಒಡೆದೆ. ರಕ್ತದ ಒಂದು ಗೆರೆ ಇಲ್ಲ, ಬರೀ ಕೊಳೆತ ನೀರು. ಪ್ರತಿಯೊಂದಕ್ಕೂ, ಇದರಲ್ಲಾದರೂ ಇರಲಿ, ಇದೊಂದರಲ್ಲಾದರೂ ಇರಲಿ ಎಂದುಕೊಂಡೆ. ಕೊನೆಯದನ್ನು ಒಡೆಯಲು ಕೈ ಬರಲಿಲ್ಲ. ಗಂಡ ಬಂದು ಒಡೆದ.

ಇನ್ನು ಕೋಳಿಯದೊಂದು ಗೋಳು. ಅದು ಖಾಲಿ ಹೊಟ್ಟಿನ ಮೇಲೆಯೇ ಕೂತಿತು. ಬುಟ್ಟಿ ತೆಗೆದರೆ ನೆಲದ ಮೇಲೆ ಕೂತಿತು. ತಣ್ಣೀರಲ್ಲಿ ಅದ್ದಿದೆವು. ಅತ್ತೆ ಅದರ ಮೂಗಿಗೆ ಪುಕ್ಕ ಚುಚ್ಚಿ, ಕಾವು ಇಳಿಯುತ್ತದೆ ಎಂದಳು. ಒದ್ದೆ ಮೈಯಲ್ಲಿ, ಮೂಗಿನಲ್ಲಿ ಪುಕ್ಕ ಸಿಕ್ಕಿಸಿಕೊಂಡೇ ಹೋಗಿ ಅದೇ ಮೂಲೆಯಲ್ಲಿ ಕೂತಿತು. ಈಗ ಕಾಳಿಗೂ ಇಳಿಯುತ್ತಿರಲಿಲ್ಲ. ಎತ್ತಿದರೆ ಎದೆಯ ಎಲುಬು ಕುಡುಗೋಲಿನಂತೆ ಅಂಗೈಗೆ ತಗಲುತ್ತಿತ್ತು.

"ಸಾಯ್ತೀಯೇನ ಬೇ? ನೀನೂ ಹೋದ್ರ ನಂಗ ಯಾರ ಅದಾರ?" ಎಂದು ಅದರ ಮುಂದೆ ಕೂತು ಕಣ್ಣೀರು ಹಾಕಿದೆ. ಅದು ಬದುಕಿದರೆ ಮತ್ತೆ ತತ್ತಿ ಇಡುತ್ತದೆ, ಯಾರ ಮನೆಯ ಹುಂಜವಾದರೂ ಸರಿ, ಒಂದಾದರೂ ಬಿಳಿ ಎದೆ ಹುಟ್ಟುತ್ತದೆ. ನನ್ನ ತಲೆಯಲ್ಲಿ ಇದೊಂದೇ ಇತ್ತು.

ಮಡಿಲಿಗೆ ಮರಿ ಬಂದರೆ ಏಳಬಹುದು ಎಂದು ಆಳಂದಕ್ಕೆ ಓಡಿದೆ. ಬಸ್ ನಿಲ್ದಾಣದ ಬಳಿ ಒಬ್ಬ ಬಣ್ಣ ಹಚ್ಚಿದ ಮರಿಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರುತ್ತಾನೆ. ಗುಲಾಬಿ, ಹಸಿರು. ಆಟಿಕೆ ಸಾಮಾನು ಎಂದು ನಾನು ಯಾವಾಗಲೂ ಮೂಗು ಮುರಿಯುತ್ತಿದ್ದ ಮರಿಗಳು.

"ತಾಯಿ ಕೆಳಗ ಇರ್ತಾವೇನಪಾ ಇವು?"

"ಮಶೀನ್‌ದಾಗ ಹುಟ್ಟಿದ್ದು ಅದಾವ್ರಿ ಅಕ್ಕಾ. ತಾಯಿ ಅಂದ್ರ ಏನು ಅಂತ ಇವಕ್ಕ ಗೊತ್ತಿಲ್ರಿ," ಎಂದ.

ಕತ್ತಲಾಗುತ್ತಲೇ, ಕೊಂಡು ತಂದ ಗುಲಾಬಿ ಮರಿಗಳನ್ನು ಒಂದೊಂದಾಗಿ ಅದರ ರೆಕ್ಕೆಯ ಕೆಳಗೆ ಸರಿಸಿದೆ. ಕುಕ್ಕುತ್ತದೆ ಎಂದು ಹೆದರಿದ್ದೆ. ಅದು ರೆಕ್ಕೆ ಅಗಲಿಸಿ, ಗಂಟಲೊಳಗೆ ಕುರ್ರ್ ಎಂದಿತು. ನಾನೂ ಅತ್ತೆಯೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು.

ಮುಂಜಾನೆ ಕೋಳಿ ತಾನಾಗಿ ಇಳಿಯಿತು. ಅಜ್ಜಿ ಗೋಡೆಯಾಚೆಯಿಂದ "ಬಾಣಂತಿ ಎದ್ದಳೇನವಾ!" ಎಂದು ಕೂಗಿದಳು. ನಾನು ನುಚ್ಚು ಚೆಲ್ಲಿದೆ. ಕೋಳಿ ಟುಕ್ ಟುಕ್ ಎಂದು ಕರೆಯುತ್ತ ಒಂದು ಕಾಳು ಎತ್ತುವುದು, ಮರಿಯ ಮುಂದೆ ಬೀಳಿಸುವುದು. ಮಶೀನಿನ ಮರಿಗಳು ಮೊದಲು ಪಿಳಿಪಿಳಿ ನೋಡಿದವು, ಆಮೇಲೆ ಕಲಿತವು. ಕರೆದರೆ ಓಡಿಬಂದು ತಿಂದವು. ಕೋಳಿ ಮಾತ್ರ ತಿನ್ನಲಿಲ್ಲ. ನಾನು ಕೊಕ್ಕು ಬಿಡಿಸಿ ನುಚ್ಚು ಹಾಕಿದರೆ ತಲೆ ಝಾಡಿಸಿ ಅದನ್ನೂ ಮರಿಗಳ ಮುಂದೆ ಉದುರಿಸಿತು.

"ನೀ ತಿನ್ನ ಬೇ! ನೀ ತಿನ್ನ!" ಎಂದು ಚೀರಿದೆ. ಚೀರಿದ ಮೇಲೆ ನೆನಪಾಯಿತು. ಅವ್ವ ಹಾಸಿಗೆ ಹಿಡಿದಾಗ ನಾನು ಒಯ್ದ ರೊಟ್ಟಿಯನ್ನು ಹಾಲಲ್ಲಿ ಮುರಿದು ಮುರಿದು ನನ್ನ ಕೂಸಿನ ಬಾಯಿಗೆ ಇಡುತ್ತಿದ್ದಳು. ಅವಳಿಗೂ ಹೀಗೆಯೇ ಚೀರಿದ್ದೆ.

ಮೂರು ದಿನ ಮರಿಗಳನ್ನು ತಿರುಗಾಡಿಸಿತು. ನಾಲ್ಕನೆಯ ಮುಂಜಾನೆ ಏಳಲಿಲ್ಲ. ಮರಿಗಳು ಅದರ ತಣ್ಣನೆಯ ರೆಕ್ಕೆಯೊಳಗಿಂದ ತಲೆ ಹೊರಗೆ ಹಾಕಿ ಕೂಗುತ್ತಿದ್ದವು. ಎತ್ತಿ ನೋಡಿದೆ. ಮರಿಗಳ ಬಣ್ಣ ಹತ್ತಿ ಆ ಬಿಳಿ ಎದೆಯೆಲ್ಲ ಗುಲಾಬಿಯಾಗಿತ್ತು.

ತಿಪ್ಪೆಗೆ ಎಸೆಯಲಿಲ್ಲ, ಬೇವಿನ ಗಿಡದ ಬುಡದಲ್ಲಿ ಹುಗಿದೆವು. ಅಜ್ಜಿ ಗೋಡೆಯ ಮೇಲಿಂದ ನೋಡಿದಳು. ಬಿಸಿಲೇರುತ್ತಿತ್ತು. ಮರಿಗಳು ಅಂಗಳದ ತುಂಬ ದಿಕ್ಕಾಪಾಲಾಗಿ ಕಿರುಚುತ್ತಿದ್ದವು. ಸಾಯಲಿ, ನನಗೇನು, ಎಂದು ಒಳಗೆ ಹೋದೆ. ಕಿವಿ ಮುಚ್ಚಿಕೊಂಡೆ. ಆಗಲಿಲ್ಲ. ಹೊರಗೆ ಬಂದು ನೆರಳಲ್ಲಿ ಕುಕ್ಕರುಗಾಲಲ್ಲಿ ಕೂತು, ನುಚ್ಚು ಹಿಡಿದು, ನಾಲಿಗೆಯನ್ನು ಅಂಗುಳಿಗೆ ಬಡಿದು ಟುಕ್ ಟುಕ್ ಎಂದೆ.

ಎಲ್ಲವೂ ಓಡಿಬಂದವು. ನನ್ನ ಸೀರೆಯ ನೆರಿಗೆಯೊಳಗೆ ನುಗ್ಗಿದವು. ಒಂದರ ಎದೆಯೂ ಬಿಳಿ ಇರಲಿಲ್ಲ.