ನೀವು ನುಂಗಿ, ನಾನು ಕಾಯ್ತೀನಿ

ಮೊನ್ನೆ ಮೆಡಿಕಲ್ ಶಾಪಿನವನು ಬಿ.ಪಿ. ಮಾತ್ರೆಯನ್ನು ಡಬ್ಬಿ ಸಮೇತ ಕೊಟ್ಟ. ಮನೆಗೆ ಬಂದು ಬಿಚ್ಚಿದರೆ ಒಳಗಿನಿಂದ ಮಡಿಕೆ ಮಡಿಕೆಯಾಗಿ ಒಂದು ತೆಳ್ಳನೆಯ ಕಾಗದ ಹೊರಬಂತು. ಈ ಮಾತ್ರೆ ನುಂಗಿದವರಿಗೆ ಏನೇನು ಆಗಬಹುದು ಎಂದು ಇರುವೆಸಾಲಿನಂಥ ಅಕ್ಷರಗಳಲ್ಲಿ ಬರೆದಿತ್ತು. ನನ್ನಂಥವನ ಕೈಗೆ ಕೊಡಬಾರದ ಕಾಗದ ಅದು. ತಲೆಸುತ್ತು ಎಂದು ಓದಿದರೆ ಸಾಕು, ಗೋಡೆ ಹಿಡಿದುಕೊಳ್ಳುವವನು ನಾನು. ಆ ಗರಿಗರಿ ಸದ್ದಿಗೆ ನಮ್ಮ ಡಾಕ್ಟ್ರು ನೆನಪಾದರು...

ಪದ್ಮನಾಭನಗರದಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲೇ ಅವರ ಕ್ಲಿನಿಕ್ಕು. ಮೇಲೆ ಅವರ ಮನೆ. ಟೋಕನ್ನು ಗೀಕನ್ನು ಇರಲಿಲ್ಲ. ಮೆಟ್ಟಿಲ ಕೆಳಗೆ ಬಿಟ್ಟ ಚಪ್ಪಲಿಗಳೇ ಕ್ಯೂ. ಒಬ್ಬರು ಒಳಗೆ ಹೋದರೆ ಉಳಿದವರು ತಂತಮ್ಮ ಚಪ್ಪಲಿಯನ್ನು ಕಾಲಿನಿಂದ ಮುಂದಕ್ಕೆ ತಳ್ಳುತ್ತಿದ್ದರು. ಆ ಸಾಲಿನಲ್ಲಿ ನನ್ನ ಚಪ್ಪಲಿ ಇಲ್ಲದ ವಾರ ಕಡಿಮೆ.

"ಈ ವಾರ ಯಾವ್ದು ತಂದಿದೀರಿ?" ಎಂದು ಕೇಳುತ್ತಿದ್ದರು.

"ಹಾರ್ಟು ಸಾರ್."

"ಹೋದ್ವಾರ ಕಿಡ್ನಿ ಇತ್ತಲ್ರೀ, ಅದನ್ನೇನ್ಮಾಡಿದ್ರಿ?"

ಕೊನೆಗೊಂದು ದಿನ ನಿಜವಾಗಿಯೂ ಬಿ.ಪಿ. ಸಿಕ್ಕಿತು. ಅಂತೂ ಗೆದ್ರಿ ಎಂದರು. ಮಾತ್ರೆಯ ಡಬ್ಬಿ ತೆರೆದು, ಒಳಗಿದ್ದ ಕಾಗದವನ್ನು ಎಳೆದು ಮುದುಡಿ ಬುಟ್ಟಿಗೆ ಹಾಕಿ, ಮಾತ್ರೆ ಮಾತ್ರ ನನ್ನ ಕೈಗಿಟ್ಟರು.

ಸಂಶೋಧನಾ ಸಂಸ್ಥೆಯ ಹುಡುಗಿ ಬಂದ ದಿನ ನಾನು ಅಲ್ಲೇ, ತೋಳಿಗೆ ಬಿ.ಪಿ. ಪಟ್ಟಿ ಸುತ್ತಿಸಿಕೊಂಡು ಕೂತಿದ್ದೆ. ಜನ ಬಿ.ಪಿ. ಮಾತ್ರೆಯನ್ನು ಅರ್ಧಕ್ಕೇ ಬಿಟ್ಟುಬಿಡುತ್ತಾರೆ, ಫೋನಿನಲ್ಲಿ ನೆನಪಿಸುತ್ತಿದ್ದರೆ ಬಿಡುವುದಿಲ್ಲವೇ ಎಂದು ನೋಡಬೇಕಾಗಿತ್ತಂತೆ ಅವರಿಗೆ.

"ಅದಕ್ಕೆ ದೊಡ್ಡ ಆಸ್ಪತ್ರೆಗಳಿವೆಯಲ್ಲಮ್ಮಾ. ನಾನು ಶೀತ, ಜ್ವರದೋನು," ಎಂದರು ಡಾಕ್ಟ್ರು.

"ದೊಡ್ಡ ಆಸ್ಪತ್ರೆಗೆ ಬಿದ್ಮೇಲೆ ಬರ್ತಾರೆ ಸಾರ್. ಬೀಳದೆ ಓಡಾಡ್ಕೊಂಡಿರೋರೆಲ್ಲ ನಿಮ್ಮತ್ರಾನೇ ಇರೋದು."

ಡಾಕ್ಟ್ರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು, ಬೀಳದವರ ಸ್ಯಾಂಪಲ್ ನೋಡುವಂತೆ. ಆಮೇಲೆ ಒಪ್ಪಿಕೊಂಡರು. "ಆದ್ರೆ ನನ್ನ ದನೀಲೇ ಫೋನ್ ಹೋಗ್ಬೇಕು. ಕಂಪ್ಯೂಟರ್ ದನಿ ಕೇಳಿದ್ರೆ ನಮ್ಮೋರು ಲೋನ್ ಕೊಡೋರು ಅಂತ ಕಟ್ ಮಾಡ್ತಾರೆ." ಆ ಅಧ್ಯಯನಕ್ಕೆ ಮೊದಲು ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಪ್ರತಿ ವಾರ ಡಾಕ್ಟ್ರೇ ಫೋನ್ ಮಾಡಿ ವಿಚಾರಿಸುತ್ತಾರೆಂದರೆ ನನಗೆ ಅದಕ್ಕಿಂತ ಏನು ಬೇಕು?

ಅವರು ದನಿ ರೆಕಾರ್ಡ್ ಮಾಡಿದ ಮಧ್ಯಾಹ್ನವೂ ನಾನಿದ್ದೆ. ಯಾವುದೋ ಹೊಸ ಭಯ ಹೊತ್ತುಕೊಂಡು ಹೋಗಿದ್ದೆ. ಒಳಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಅವರ ಮಾತು ಅಸ್ಪಷ್ಟವಾಗಿ ಕೇಳುತ್ತಿತ್ತು. ಮಾತು ನಿಂತಿತು. ಎಷ್ಟು ಹೊತ್ತಾದರೂ ಮತ್ತೆ ಶುರುವಾಗಲಿಲ್ಲ. ಬಿದ್ದುಗಿದ್ದರೋ ಏನೋ ಎಂದು ಹೆದರಿ ಬಾಗಿಲು ಬಡಿದೆ. "ಸಾರ್, ಹುಷಾರಾಗಿದೀರಾ?"

ಬಾಗಿಲು ತೆರೆದವಳು ಆ ಹುಡುಗಿ. ಹಿಂದೆ ಡಾಕ್ಟ್ರು ನಗುತ್ತಿದ್ದರು. "ಎಲ್ಲ ಹಾಳು ಮಾಡಿದ್ರಲ್ರೀ!"

ಆಮೇಲೆ ಪ್ರತಿ ಸೋಮವಾರ ಬೆಳಿಗ್ಗೆ, ಕಾಫಿಯ ಹೊತ್ತಿಗೆ ಫೋನು ಬರತೊಡಗಿತು. ಆ ನಂಬರನ್ನು 'ಡಾಕ್ಟ್ರು' ಎಂದೇ ಸೇವ್ ಮಾಡಿಕೊಂಡಿದ್ದೆ. "ಇವತ್ತಿನ ಮಾತ್ರೆ ತಗೊಂಡ್ರಾ? ತಗೊಂಡಿದ್ರೆ ಒಂದು ಒತ್ತಿ, ಇಲ್ಲಾಂದ್ರೆ ಎರಡು." ನಾನು ಒಂದು ಒತ್ತುತ್ತಿದ್ದೆ. "ಒಳ್ಳೇದು," ಎಂದು ಫೋನು ಕಟ್ಟಾಗುತ್ತಿತ್ತು.

ಒಂದು ರಾತ್ರಿ ಮಲಗಿದ ಡಾಕ್ಟ್ರು ಬೆಳಿಗ್ಗೆ ಏಳಲಿಲ್ಲ.

ಅವರ ವೈಕುಂಠ ಸಮಾರಾಧನೆಗೆ ಹೊರಟು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದೆ. ಹಿಂದಿನ ಸೋಮವಾರ ಫೋನು ಬಂದಿರಲಿಲ್ಲ, ಇವತ್ತೂ ಸೋಮವಾರ ಎಂಬುದು ಮರೆತೇಹೋಗಿತ್ತು. ಫೋನು ಬಡಿದುಕೊಂಡಿತು. ನೋಡಿದರೆ ಪರದೆಯ ಮೇಲೆ 'ಡಾಕ್ಟ್ರು'.

ಎತ್ತಿದೆ. "ಇವತ್ತಿನ ಮಾತ್ರೆ ತಗೊಂಡ್ರಾ?" ಅವರ ಸಮಾರಾಧನೆಯ ಊಟಕ್ಕೆ ಹೊರಟವನನ್ನು ಅವರೇ ವಿಚಾರಿಸುತ್ತಿದ್ದರು. ಒಂದು ಒತ್ತಿದೆ. "ಒಳ್ಳೇದು," ಎಂದರು.

ಊಟದ ಹೊತ್ತಿನಲ್ಲಿ ಆ ಹುಡುಗಿ ಸಿಕ್ಕಳು. "ನಿಮಗೂ ಮೆಸೇಜ್ ಕಳ್ಸಿದ್ವಲ್ಲ ಸಾರ್, ಡಾಕ್ಟ್ರ ದನೀಲಿ ಫೋನ್ ಬೇಡದಿದ್ರೆ ತಿಳಿಸಿ ಅಂತ." ಊರಿನ ಕಾಯಿಲೆಯನ್ನೆಲ್ಲ ಫೋನಿನಲ್ಲಿ ಓದುವ ನಾನು ಅದೊಂದನ್ನು ಓದಿರಲಿಲ್ಲ. ಡಾಕ್ಟ್ರ ಹೆಂಡತಿಯನ್ನು, ನಾವೆಲ್ಲ ಅಮ್ಮ ಎನ್ನುತ್ತಿದ್ದವರನ್ನು, ಮೊದಲೇ ಕೇಳಿದ್ದರಂತೆ. "ಅವರು ಒಪ್ಕೊಂಡಿದ್ ಕೆಲಸ. ಮುಗೀಲಿ," ಎಂದಿದ್ದರಂತೆ ಅಮ್ಮ. ಬೇಡ ಎನ್ನಲು ನನಗೆ ಭಯವಾಯಿತು. ಬೇಕು ಎನ್ನಲೂ ಭಯವಾಯಿತು. ಸುಮ್ಮನಿದ್ದೆ, ಫೋನು ಬರುತ್ತಲೇ ಇತ್ತು.

ಕಾಗದ ಎಳೆದು ಬಿಸಾಡುವವರು ಈಗ ಇರಲಿಲ್ಲವಲ್ಲ... ಒಂದು ಭಾನುವಾರ ಓದಿಯೇಬಿಟ್ಟೆ. ಪಾದ ಊದಬಹುದು ಎಂದಿತ್ತು. ಇಡೀ ದಿನ ಪಾದ ನೋಡಿಕೊಂಡೇ ಕೂತೆ. ಸಂಜೆಯ ಹೊತ್ತಿಗೆ ಊದಿದಂತೆಯೇ ಕಂಡಿತು. ಮಾತ್ರೆ ಬಿಡುವುದೆಂದು ತೀರ್ಮಾನಿಸಿದೆ. ಮರುದಿನ ಫೋನು ಬಂತು. ಸತ್ತವರಿಗೆ ಸುಳ್ಳು ಹೇಳುವ ಧೈರ್ಯ ನನಗಿಲ್ಲ. ಮೊದಲ ಸಲ ಎರಡು ಒತ್ತಿದೆ.

"ಹಾಗಾದ್ರೆ ಈಗ್ಲೇ ತಗೊಳ್ಳಿ," ಎಂದರು ಡಾಕ್ಟ್ರು. "ಆ ಕಾಗದ ಎಲ್ಲ ಓದ್ಬೇಡಿ. ನೀರು ತಗೊಂಬನ್ನಿ. ನೀವು ನುಂಗಿ, ನಾನು ಕಾಯ್ತೀನಿ."

ಫೋನು ಕಟ್ಟಾಗಲಿಲ್ಲ. ಆ ಕಡೆ ಕ್ಲಿನಿಕ್ಕಿನ ಹಳೆಯ ಫ್ಯಾನು ಟಕ್ ಟಕ್ ಎನ್ನುತ್ತಿತ್ತು. ಯಾರೋ ಉಸಿರಾಡುತ್ತಿದ್ದರು. ಎಲ್ಲೋ ಮೇಲೆ ಕುಕ್ಕರ್ ಕೂಗಿತು. ಡಾಕ್ಟ್ರು ನಿಜವಾಗಿಯೂ ಕಾಯುತ್ತಿದ್ದರು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ನಮ್ಮ ಮನೆಯ ಬಾಗಿಲಲ್ಲ. ಅಲ್ಲಿಯದು.

"ಸಾರ್, ಹುಷಾರಾಗಿದೀರಾ?" ಯಾರೋ ಹೆದರಿದವನ ಕೀಚಲು ದನಿ. ಅದು ನನ್ನದೇ ದನಿ ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು.

ಅವತ್ತು ಬಾಗಿಲಾಚೆ ನಿಂತವನಿಗೆ ಕೇಳಿಸದೇ ಹೋದ ಉತ್ತರ, ಈಗ ಕಿವಿಯ ಹತ್ತಿರವೇ, ಮೆಲ್ಲಗೆ ಬಂತು: "ಇದೀನಿ ಕಣ್ರೀ... ಇಲ್ಲೇ ಇದೀನಿ."

ಓಡಿಹೋಗಿ ನೀರು ತಂದು ಮಾತ್ರೆ ನುಂಗಿದೆ. ಆಮೇಲೆ ಆ ಹುಡುಗಿಯನ್ನು ಕೇಳಿದೆ, ಮತ್ತೆ ಯಾಕೆ ರೆಕಾರ್ಡ್ ಮಾಡಲಿಲ್ಲ ಎಂದು. "ಮಾಡೋಣ ಅಂದೆ ಸಾರ್. ಬೇಡ ಇರ್ಲಿ, ಯಾರಾದ್ರೂ ಬಾಗ್ಲು ಬಡೀತಿದ್ರೇನೇ ಕ್ಲಿನಿಕ್ ಅನ್ಸೋದು ಅಂದ್ರು." ಅಧ್ಯಯನ ಮುಗಿಯುತ್ತ ಬಂದಿದೆ, ಮುಂದಿನ ಸೋಮವಾರವೇ ಕೊನೆಯ ಫೋನು ಎಂದೂ ಹೇಳಿದಳು. ಕಾಪಿ ಕೊಡುತ್ತೀರಾ ಎಂದರೆ, ರೂಲ್ಸ್ ಇಲ್ಲ ಎಂದಳು.

ಅಮ್ಮನಿಗೆ ಬಿ.ಪಿ. ಇರಲಿಲ್ಲ. ಹಾಗಾಗಿ ಇಡೀ ಏರಿಯಾಕ್ಕೆ ಬರುತ್ತಿದ್ದ ಆ ಫೋನು ಅವರೊಬ್ಬರಿಗೆ ಬರುತ್ತಿರಲಿಲ್ಲ. ತರಕಾರಿ ಗಾಡಿಯ ಹತ್ತಿರ ಸಿಕ್ಕಾಗೆಲ್ಲ ಸಂಕೋಚದಿಂದ ಕೇಳುತ್ತಿದ್ದರು: "ಈ ವಾರಾನೂ ಮಾತಾಡಿದ್ರಾ?"

ಕೊನೆಯ ಸೋಮವಾರ ಬೆಳಿಗ್ಗೆ ನಾನು ಮಾತ್ರೆ ನುಂಗದೆ, ಜೇಬಿನಲ್ಲಿಟ್ಟುಕೊಂಡು ಅವರ ಮನೆಗೆ ಹೋದೆ. ಫೋನು ಬಂತು. ಸ್ಪೀಕರ್ ಹಾಕಿ ಎರಡು ಒತ್ತಿದೆ. "ನೀರು ತಗೊಂಬನ್ನಿ," ಎಂದಿತು ಗಂಡನ ದನಿ. ಅಮ್ಮ ತಟ್ಟನೆ ಎದ್ದು ನೀರು ತಂದರು, ದಿನಾ ಅವರಿಗೆ ತಂದುಕೊಟ್ಟ ಹಾಗೆ. ಮೇಜಿನ ಮೇಲಿನ ಫೋನಿನಲ್ಲಿ ಫ್ಯಾನು ತಿರುಗುತ್ತಿತ್ತು. ಕುಕ್ಕರ್ ಕೂಗಿತು.

"ಅದು ನಂದೇ," ಎಂದರು ಅಮ್ಮ ಪಿಸುದನಿಯಲ್ಲಿ. "ಹುಳಿಗೆ ಬೇಳೆ ಇಟ್ಟಿದ್ದೆ."

ಫೋನಿನೊಳಗೆ ಬಾಗಿಲು ಬಡಿದ ಸದ್ದಾಯಿತು. ನನ್ನ ದನಿ ಕೇಳಿತು. "ಇಲ್ಲೇ ಇದೀನಿ," ಎಂದರು ಡಾಕ್ಟ್ರು. ಅಮ್ಮ ಫೋನಿನ ಕಡೆ ನೋಡಲಿಲ್ಲ. ಕೆಳಗಿನ ಕ್ಲಿನಿಕ್ಕಿಗೆ ಇಳಿಯುವ ಮೆಟ್ಟಿಲ ಕಡೆ ನೋಡಿದರು. ನಾನೂ ನೋಡಿದೆ. ಮಾತ್ರೆ ಇನ್ನೂ ನನ್ನ ಕೈಯಲ್ಲೇ ಇತ್ತು.

"ಬೇಗ ನುಂಗಿಬಿಡಿ," ಎಂದರು ಅಮ್ಮ. "ಅವರನ್ನ ಎಷ್ಟೊತ್ತು ಕಾಯಿಸ್ತೀರಿ."

ನುಂಗಿದೆ. "ಆಯ್ತಾ? ಒಳ್ಳೇದು." ಪರದೆ ಕಪ್ಪಾಯಿತು.

ಈಗ ಕ್ಲಿನಿಕ್ಕಿದ್ದ ಜಾಗದಲ್ಲಿ ಟ್ಯೂಷನ್ ಸೆಂಟರ್ ಇದೆ. ಮೆಟ್ಟಿಲ ಕೆಳಗೆ ಮಕ್ಕಳ ಚಪ್ಪಲಿಗಳು ಚೆಲ್ಲಾಪಿಲ್ಲಿ ಬಿದ್ದಿರುತ್ತವೆ, ಸಾಲಿಲ್ಲ. ಮೊನ್ನೆ ಆ ಕಾಗದವನ್ನು ಮುಂದೆ ಓದದೆ ಮುದುಡಿ ಬುಟ್ಟಿಗೆ ಹಾಕಿದೆ. ಮಾತ್ರೆಯನ್ನು ನಾಲಗೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತೆ. ನಮ್ಮ ಮನೆಯ ಫ್ಯಾನು ಸದ್ದು ಮಾಡುವುದಿಲ್ಲ. ಯಾರೂ ಕಾಯುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ನುಂಗಿದೆ.