ಗಡಿಯಾರ ರಿಪೇರಿಯವರ ಸರಕು ಗಾಡಿ

ನಮ್ಮ ಭಾವ ಗಡಿಯಾರ ರಿಪೇರಿ ಮಾಡುತ್ತಾರೆ. ಅವರ ಅಂಗಡಿ ಎಂದರೆ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಒಂದು ಭೂತಗನ್ನಡಿ. ಹಗಲೆಲ್ಲ ಎಳ್ಳಿಗಿಂತ ಚಿಕ್ಕ ಸ್ಕ್ರೂ ಹಿಡಿದು, ಉಸಿರು ಬಿಗಿಹಿಡಿದು ಕೂರುವ ಮನುಷ್ಯ. ಇಂಥವರು ಒಂದು ಟನ್ ಸರಕು ಹೊರುವ ಗಾಡಿ ತಂದು ಮನೆ ಮುಂದೆ ನಿಲ್ಲಿಸಿದರೆ ಯಾರಿಗೆ ತಾನೇ ತಲೆ ಕೆಡುವುದಿಲ್ಲ? ನನಗಂತೂ ಕೆಟ್ಟಿತು. ನಾನು ಅವರ ಹೆಂಡತಿಯ ತಮ್ಮ, ಶಾಲೆಯೊಂದರಲ್ಲಿ ಗುಮಾಸ್ತ. ಬಾಯಿ ಸ್ವಲ್ಪ ಜೋರು ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ.

"ಭಾವ, ನಿಮ್ಮ ಕಸುಬೆಲ್ಲ ಒಂದು ಊಟದ ಡಬ್ಬಿಯಲ್ಲಿ ಹಿಡಿಯುತ್ತೆ. ಇದರಲ್ಲಿ ಏನು ಸಾಗಿಸ್ತೀರಾ?" ಎಂದು ಕೇಳಿಯೇಬಿಟ್ಟೆ.

"ಮನೆ ಅಂದ್ಮೇಲೆ ದೊಡ್ಡ ಸಾಮಾನು ಇದ್ದೇ ಇರುತ್ತೆ ಕಣೋ. ಬೀರು, ಮಂಚ, ಹಾಸಿಗೆ. ಪ್ರತಿ ಸಲ ಇನ್ನೊಬ್ಬನ ಗಾಡಿಗೆ ಹಲ್ಲು ಗಿಂಜೋದು ನನ್ನ ಕೈಲಾಗಲ್ಲ."

ಹಿಂದೆ ಮನೆ ಬದಲಾಯಿಸುವಾಗ ಬಾಡಿಗೆ ಗಾಡಿಯವನು ಜಗಳವಾಡಿ ಬೀರುವನ್ನು ನಡುರಸ್ತೆಯಲ್ಲಿ ಇಳಿಸಿ ಹೊರಟುಹೋಗಿದ್ದ. ಮಳೆ ಬಂತು. ಭಾವ ಬೀರುವಿಗೆ ಕೊಡೆ ಹಿಡಿದು, ತಾವು ತೊಯ್ದು ತೊಪ್ಪೆಯಾಗಿ ಎರಡು ಗಂಟೆ ನಿಂತಿದ್ದರು. ಆ ಅವಮಾನ ಒಳಗೇ ಕೂತುಬಿಟ್ಟಿತ್ತು. ಸರಿ, ಒಪ್ಪೋಣ. ಆದರೆ ಅದಾಗಿ ಹನ್ನೊಂದು ವರ್ಷವಾಗಿತ್ತು, ಬೀರು ಅಂದಿನಿಂದ ಗೋಡೆ ಬಿಟ್ಟು ಅಲುಗಿರಲಿಲ್ಲ!

ಮೂರು ವರ್ಷದಲ್ಲಿ ಆ ಗಾಡಿ ಹೊತ್ತದ್ದನ್ನು ನಾನು ಬೆರಳಲ್ಲಿ ಎಣಿಸಬಲ್ಲೆ. ಒಂದು ಪೊರಕೆ, ಎರಡು ದಿಂಬು. ಒಮ್ಮೆ ಗಿರಾಕಿಯೊಬ್ಬರ ಗೋಡೆ ಗಡಿಯಾರ ಬಂತು, ಅದೂ ಹಿಂದಿನ ತೊಟ್ಟಿಯಲ್ಲಲ್ಲ, ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಸಿಕೊಂಡು. ಪಕ್ಕದ ಮನೆಯವರು ಮಂಚ ತರಬೇಕು ಅಂದಾಗ ಭಾವ ಮಂಚದಂಗಡಿಗೇ ಹೋಗಿ, ಭೂತಗನ್ನಡಿ ಸಿಕ್ಕಿಸಿಕೊಂಡು ಮಂಚದ ಕಾಲು ಪರೀಕ್ಷೆ ಮಾಡಿ, "ಮೊಳೆ ತಲೆ ಎದ್ದಿದೆ, ತೊಟ್ಟಿ ಗೀಚುತ್ತೆ" ಎಂದುಬಿಟ್ಟರು. ಪಕ್ಕದ ಮನೆಯವರು ಮೂಲೆಯ ಲಗೇಜ್ ಆಟೋ ಕರೆದು ಅರ್ಧ ಗಂಟೆಯಲ್ಲಿ ಮಂಚ ತಂದು, ಹಾಸಿಗೆ ಹಾಸಿ ಮಲಗಿಯೂಬಿಟ್ಟರು.

ಇದೆಲ್ಲ ನಕ್ಕು ಬಿಡಬಹುದಿತ್ತು. ಬಿಡಲಾಗದ್ದು ನಮ್ಮಕ್ಕನ ಮಂಡಿ. ಅಕ್ಕ ಕಿಟಕಿ ಪರದೆ ಹೊಲಿಯುತ್ತಾಳೆ. ಮನೆ ಮುಂದಿನ ತಗಡಿನ ಶೆಡ್ಡಿನಲ್ಲಿ ಹಲಗೆ ಜೋಡಿಸಿಕೊಂಡು ಬಟ್ಟೆ ಕತ್ತರಿಸುತ್ತಿದ್ದಳು. ಗಾಡಿ ಬಂದದ್ದೇ ಶೆಡ್ಡು ಗಾಡಿಯದಾಯಿತು. ಅಕ್ಕ ಒಳಗೆ ಬೀರುವಿಗೂ ಮಂಚಕ್ಕೂ ನಡುವೆ ನೆಲದ ಮೇಲೆ ಮಂಡಿಯೂರಿ, ತೆವಳುತ್ತಾ ಕತ್ತರಿಸತೊಡಗಿದಳು. ಸಂಜೆ ಹೊತ್ತಿಗೆ ಮಂಡಿ ಎರಡೂ ಊದಿಕೊಳ್ಳುತ್ತಿದ್ದವು. ಈಗ ನಮ್ಮ ಶಾಲೆಯ ಸಭಾಂಗಣಕ್ಕೆ ಇಪ್ಪತ್ತನಾಲ್ಕು ಪರದೆ, ಒಂದೊಂದೂ ಹನ್ನೆರಡು ಅಡಿ, ತಿಂಗಳೊಳಗೆ ಬೇಕು ಎಂದು ಅವಳಿಗೇ ಕೆಲಸ ಕೊಟ್ಟಿದ್ದರು. ಅಷ್ಟು ದೊಡ್ಡ ಕೆಲಸ ಅವಳಿಗೆ ಹಿಂದೆಂದೂ ಬಂದಿರಲಿಲ್ಲ.

"ಒಂದೇ ಒಂದು ಸಲ ನಿಂತ್ಕೊಂಡು ಬಟ್ಟೆ ಕತ್ತರಿಸಬೇಕು ಕಣೋ. ಇಲ್ಲಾಂದ್ರೆ ಇದನ್ನ ವಾಪಸ್ ಕೊಟ್ಬಿಡ್ತೀನಿ, ಆಗಲ್ಲ ನನ್ನ ಕೈಲಿ" ಎಂದಳು.

ಅದೇ ವಾರ ಶಾಲೆಯವರು ವಾಚನಾಲಯದ ಹಳೆಯ ಮೇಜೊಂದನ್ನು ಬೇಕಾದವರು ಒಯ್ಯಿರಿ ಎಂದರು. ಎಂಟು ಅಡಿ ಉದ್ದ, ಮೂರಡಿ ಅಗಲ. ನಾನು ಓಡಿಬಂದು ಹೇಳಿದೆ. ಭಾವನ ಮುಖ ಅರಳಿದ್ದು ನೋಡಬೇಕಿತ್ತು, ಮದುವೆ ದಿನ ಕೂಡ ಅಷ್ಟು ಅರಳಿರಲಿಲ್ಲ.

"ಈಗ ಹೇಳು! ಗಾಡಿ ಯಾಕೆ ಅಂತಿದ್ಯಲ್ಲ, ಈಗ ಹೇಳು!"

ಹೇಳುವುದೇನು, ಬಾಯಿ ಮುಚ್ಚಿಕೊಂಡು ಹತ್ತಿದೆ. ತೊಟ್ಟಿಗೆ ಮನೆಯ ಕಂಬಳಿಗಳೆಲ್ಲ ಹಾಸಿದ್ದಾಯಿತು. ಮೇಜಿನ ನಾಲ್ಕು ಕಾಲಿಗೂ ಭಾವ ಕಾಲುಚೀಲ ತೊಡಿಸಿದರು, ಎರಡು ಅವರವು, ಎರಡು ನನ್ನವು. ದಾರಿಯುದ್ದಕ್ಕೂ ಎಷ್ಟು ನಿಧಾನವೆಂದರೆ, ಕೋಲು ಊರಿಕೊಂಡು ಹೊರಟಿದ್ದ ಅಜ್ಜನೊಬ್ಬ ನಮ್ಮನ್ನು ಹಿಂದೆ ಹಾಕಿ ಹೋದ.

ಮನೆ ಮುಟ್ಟಿದ್ದೇ ಭಾವ ಅಭ್ಯಾಸಬಲದಿಂದ ಗಾಡಿಯನ್ನು ಹಿಮ್ಮುಖವಾಗಿ ನೇರ ಶೆಡ್ಡಿಗೆ ನುಗ್ಗಿಸಿ, ಇಳಿದು, "ಬಂತು ನೋಡೇ ನಿನ್ನ ಮೇಜು!" ಎಂದು ಅಕ್ಕನನ್ನು ಕೂಗಿದರು.

"ಎಲ್ಲಿ ಇಳಿಸೋದು ಭಾವ?" ಎಂದೆ.

ಮೂವರೂ ಒಮ್ಮೆ ಮನೆಯತ್ತ, ಒಮ್ಮೆ ಶೆಡ್ಡಿನತ್ತ ನೋಡಿದೆವು. ಮನೆಯೊಳಗೆ ಜಾಗವಿಲ್ಲ. ಮೇಜು ಹಿಡಿಸುವ ಜಾಗ ಇದ್ದದ್ದು ಒಂದೇ, ಅಲ್ಲಿ ಗಾಡಿ ನಿಂತಿತ್ತು. ಮೂರು ವರ್ಷದಿಂದ ದೊಡ್ಡ ಸಾಮಾನಿಗೆ ಗಾಡಿ ಬೇಕು ಎಂದವರೇ ಹೊರತು, ದೊಡ್ಡ ಸಾಮಾನಿಗೆ ಜಾಗ ಬೇಕು ಎಂದವರು ಯಾರು? ಭಾವ ಜೇಬಿನಿಂದ ಆರಿಂಚಿನ ಸ್ಕೇಲು ತೆಗೆದು ಇಡೀ ಶೆಡ್ಡು ಅಳೆದರು. ಅವರ ಕಸುಬಿಗೆ ಅದಕ್ಕಿಂತ ಉದ್ದದ್ದು ಬೇಕಿರಲಿಲ್ಲ. ಎರಡು ಸಲ ಲೆಕ್ಕ ತಪ್ಪಿ, ಮೂರನೇ ಸಲ ಅಳೆದು ಎದ್ದು, "ಹಾಗಾದ್ರೆ ಮೇಜು ಗಾಡಿ ಮೇಲೇ ಇರ್ಲಿ. ಅಲ್ಲೇ ಕತ್ತರಿಸಿದ್ರಾಯ್ತು" ಎಂದರು.

ನನಗೆ ಪಿತ್ತ ನೆತ್ತಿಗೇರಿತು. ಆದರೆ ಅಕ್ಕ ಆಗಲೇ ಬಟ್ಟೆಯ ಗಂಟು ಹೊತ್ತು ತೊಟ್ಟಿಗೆ ಹತ್ತಿದಳು. ಮೇಜಿನ ಪಕ್ಕ ನಿಲ್ಲಲು ನೋಡಿದಳು, ತಲೆ ಟಣ್ ಎಂದು ತಗಡಿಗೆ ಬಡಿಯಿತು. ಬಗ್ಗಿದಳು, ಸೊಂಟ ಹಿಡಿಯಿತು. ಕೊನೆಗೆ ಮೆಲ್ಲಗೆ, ಒಂದೊಂದೇ ಮಂಡಿಯೂರಿ ಕೂತು ಕತ್ತರಿ ಕೈಗೆತ್ತಿಕೊಂಡಳು.

"ಇಲ್ಲೂ ಮಂಡಿ ಊರ್ಲೇಬೇಕು ನೋಡ್ರಿ" ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

ಭಾವ ಅವಳ ಮಂಡಿಯನ್ನೇ ನೋಡುತ್ತಾ ನಿಂತರು. "ಇಳಿ" ಎಂದರು. ಇಬ್ಬರೂ ಸೇರಿ ಅವಳನ್ನು ಇಳಿಸಿದೆವು. ಭಾವ ಗಾಡಿಯನ್ನು ಹೊರತೆಗೆದು ರಸ್ತೆಯಲ್ಲಿ, ಕಾಗೆಗಳು ಕೂರುವ ಮರದ ಕೆಳಗೆ ನಿಲ್ಲಿಸಿದರು. ಮೇಜು ಶೆಡ್ಡಿಗೆ ಬಂತು. ಅಕ್ಕ ಬಟ್ಟೆ ಹರಡಿ, ಕತ್ತರಿ ಹಚ್ಚಿ, ಪಕ್ಕದಲ್ಲೇ ನಡೆಯುತ್ತಾ ಈ ತುದಿಯಿಂದ ಆ ತುದಿಗೆ ಹೋದಳು. ತುದಿ ಮುಟ್ಟಿದಾಗ ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. ನನಗೂ ತಡೆಯಲಾಗಲಿಲ್ಲ.

"ಇಷ್ಟು ನೋಯ್ತಿತ್ತಾ? ಒಂದು ಮಾತು ಹೇಳಬಾರದಿತ್ತಾ?" ಎಂದರು ಭಾವ.

"ಹೇಳ್ದೆ. ನೀವು ಗಾಡಿ ಒರೆಸ್ತಿದ್ರಿ."

ಮೇಜು ಬಂದ ಒಂಬತ್ತನೆಯ ದಿನ, ಭಾವ ಗಾಡಿ ಮಾರುತ್ತಾರೆ ಎಂದು ಕೇಳಿ ಹಾಸಿಗೆ ವ್ಯಾಪಾರಿಯೊಬ್ಬ ಕೊಳ್ಳಲು ಬಂದ. ತೊಟ್ಟಿಯ ತಳಕ್ಕೆ ಕೈಯಾಡಿಸಿ ಬೆರಗಾದ. "ಏನ್ ಸಾರ್, ಒಂದು ಗೀರೂ ಇಲ್ವಲ್ಲ! ಇದು ಏನೂ ಹೊತ್ತೇ ಇಲ್ವಾ?"

ಉತ್ತರ ನನ್ನ ನಾಲಿಗೆ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಭಾವ ಕೀಲಿಯನ್ನು ಅವನ ಕೈಗಿಟ್ಟು ಹೇಳಿದರು, "ಹೊತ್ತಿದೆ. ಒಂದು ಮೇಜು. ಮೂರು ವರ್ಷ ತಡವಾಗಿ."