ಮಾಯಮ್ಮನ ಕಾಲು, ಮಕ್ಕಳ ಕತ್ತು

ಬೆಳಗಿನ ಆರು ಗಂಟೆ. ರಾಮನಗರದ ಧರ್ಮಾಸ್ಪತ್ರೆಯೊಂದರ ಮಹಡಿಯಲ್ಲಿ ಮಕ್ಕಳ ಮೂಳೆ ವಾರ್ಡಿನ ಬಾಗಿಲು ತಳ್ಳಿಕೊಂಡು ಮಾಯಮ್ಮ ಬರುತ್ತಾರೆ. ಯಾರ ಮುಖವನ್ನೂ ನೋಡುವುದಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಒಂದೊಂದೇ ಮಂಚದ ತಲೆಯ ಕಡೆ ಇಣುಕುತ್ತಾರೆ. ಅಲ್ಲಿ ರಾಟೆಯಿಂದ ಇಳಿಬಿಟ್ಟ ಹಗ್ಗದ ತುದಿಗೆ ಪುಟ್ಟ ಮರಳಿನ ಚೀಲ ತೂಗುತ್ತಿರಬೇಕು. ನೆಲಕ್ಕೆ ತಾಗಬಾರದು, ಮಂಚಕ್ಕೆ ಒರಗಬಾರದು. ಹಗ್ಗದ ಇನ್ನೊಂದು ತುದಿಯಲ್ಲಿರುವುದು ಮಗುವಿನ ಗಲ್ಲಕ್ಕೂ ಹಿಂದಲೆಗೂ ಸುತ್ತಿದ ಬಟ್ಟೆಯ ಪಟ್ಟಿ.

ಕಿಟಕಿ ಪಕ್ಕದ ಮಂಚದ ಹತ್ತಿರ ದನಿ ಏರುತ್ತದೆ. “ಯಾರವ್ವಾ ಈ ಸ್ಟೂಲ್ ಮಡಗ್ದೋರು?”

ಚೀಲ ಸ್ಟೂಲಿನ ಮೇಲೆ ಆರಾಮಾಗಿ ಕೂತಿದೆ. ಮಂಚದಲ್ಲಿರುವ ಏಳು ವರ್ಷದ ಸುಹಾನಾಳ ಅಜ್ಜಿ ಅಕ್ಬರಿ ಬೇಗಂ ತಲೆ ತಗ್ಗಿಸುತ್ತಾರೆ. “ಬಚ್ಚಿ ಕತ್ತು ಎಳೀತೈತಮ್ಮಾ. ನೋಡಕ್ಕಾಗ್ಲಿಲ್ಲ. ಒಸಿ ಹೊತ್ತು ರೆಸ್ಟ್ ಕೊಡಣ ಅಂತ...”

“ಎಳೀಲಿ ಅಂತಾನೇ ಕಣಕ್ಕಾ ಕಟ್ಟಿರೋದು! ನಿಮ್ ಕರುಳು ಚುರ್ ಅಂದ್ರೆ ಅವಳ ಮೂಳೆ ಕೇಳ್ತದಾ?” ಸ್ಟೂಲು ಕರ್ರೆಂದು ಗೋಡೆ ಸೇರುತ್ತದೆ. ಚೀಲ ಮತ್ತೆ ತೂಗುತ್ತದೆ.

ಗದರಿಕೆಗೆ ಕಾರಣವಿದೆ. ಸುಹಾನಾಳ ಕತ್ತು ಎಡಕ್ಕೆ ತಿರುಗಿ ಎರಡು ತಿಂಗಳ ಮೇಲಾಯಿತು. ಬಲಕ್ಕೆ ಬಾರದು. ನೆಗಡಿ, ಗಂಟಲು ನೋವು ಬಂದು ಹೋದ ಮೇಲೆ ಒಂದು ಬೆಳಿಗ್ಗೆ ಹಾಗೆಯೇ ಎದ್ದವಳು. ತಲೆಬುರುಡೆಯ ಕೆಳಗಿನ ಮೊದಲೆರಡು ಮೂಳೆಗಳ ಕೀಲು ಜರುಗಿ ಅಲ್ಲೇ ಹಿಡಿದುಕೊಂಡಿದೆ ಎನ್ನುತ್ತಾರೆ ಡಾಕ್ಟರ್ ಜಯಕುಮಾರ್. ಬೇಗ ಬಂದಿದ್ದರೆ ಮೆತ್ತನೆಯ ಕತ್ತುಪಟ್ಟಿಯೇ ಸಾಕಾಗುತ್ತಿತ್ತೇನೋ. ಈಗ ತೂಕ ಕಟ್ಟಿ, ಅಲುಗಾಡದೆ ಮಲಗಿಸಿದ್ದಾರೆ. ಸೋಮವಾರ ಪರೀಕ್ಷೆ. ಕೀಲು ಸಡಿಲಗೊಳ್ಳದಿದ್ದರೆ ಬೆಂಗಳೂರಿನಲ್ಲಿ ಆಪರೇಷನ್. ಆ ಎರಡು ಮೂಳೆಗಳನ್ನು ಸೇರಿಸಿ ಬಿಗಿದರೆ ಹುಡುಗಿ ಜೀವಮಾನವಿಡೀ ಕತ್ತನ್ನು ಪೂರ್ತಿ ತಿರುಗಿಸುವ ಹಾಗಿಲ್ಲ.

ಮಾಯಮ್ಮ ಇಲ್ಲಿನ ಆಯಾ. ಊರು ಮರಳವಾಡಿ. ಹಾರೋಹಳ್ಳಿಯ ಕಾರ್ಖಾನೆಗೆ ಶಿಫ್ಟಿನವರನ್ನು ಒಯ್ಯುವ ಟೆಂಪೋದಲ್ಲಿ ನಿಂತುಕೊಂಡೇ ಬಂದು, ಅಲ್ಲಿಂದ ಬಸ್ಸು ಹಿಡಿಯುತ್ತಾರೆ. ಅವರ ಬಗ್ಗೆ ಬರೆಯಲೆಂದು ಮಾತಾಡಿಸಲು ಹೋದ ನನಗೆ ಸಿಕ್ಕಿದ್ದು ಅವರ ಬೆನ್ನು ಮಾತ್ರ! ಒಂದು ಪ್ರಶ್ನೆ ಮಂಚದ ಬಳಿ ಕೇಳಿದರೆ ಉತ್ತರ ಬಚ್ಚಲಿನ ಬಾಗಿಲಲ್ಲಿ. “ಕೂತ್ಕಳಮ್ಮ” ಎಂದರೆ, “ಕುಂತ್ರೆ ಎದೆ ಡವಡವ ಅಂತದೆ ಸಾ. ಯಾವ್ ಅಜ್ಜಿ ಯಾವ್ ಚೀಲ ಎತ್ತಿ ಮಡಗ್ತಾಳೋ!” ಎಂದು ಹೊರಟೇ ಬಿಡುತ್ತಾರೆ.

ವಾರ್ಡಿನ ತುಂಬ ಅಜ್ಜಿಯರೇ. ತಾಯಂದಿರು ಡ್ಯೂಟಿಯಲ್ಲಿದ್ದಾರೆ. ಸುಹಾನಾಳ ತಾಯಿ ಖುರ್ಷಿದಾ ಬಿಡದಿ ಕಡೆಯ ಕಾರ್ಖಾನೆಯಲ್ಲಿ ವೈರು ಜೋಡಿಸುತ್ತಾರೆ; ಶಿಫ್ಟ್ ಬಿಟ್ಟರೆ ಕೆಲಸ ಇನ್ನೊಬ್ಬರಿಗೆ. ಹೊಸ ಜಿಲ್ಲೆಯ ಬೋರ್ಡಿನ ಬಣ್ಣ ಇನ್ನೂ ಹಸಿಯಾಗಿದೆ, ಸೈರನ್ನುಗಳು ಮಾತ್ರ ಆಗಲೇ ಮನೆಮನೆಯ ಗಡಿಯಾರವಾಗಿವೆ. ಸಿಟ್ಟು ಯಾರ ಮೇಲೆ ತೋರಿಸುವುದೋ ನನಗಂತೂ ತಿಳಿಯಲಿಲ್ಲ.

ಮಾಯಮ್ಮನ ಹೆಸರು ಈ ಸೀಮೆಯಲ್ಲಿ ಹಬ್ಬಿರುವುದು ಆಯಾ ಕೆಲಸದಿಂದಲ್ಲ, ಕಾಲಿನಿಂದ. ಅವರು ಹುಟ್ಟುವಾಗ ಕಾಲು ಮುಂದಾಗಿ ಬಂದವರು. ಅಂಥವರು ಕಾಲು ತಾಗಿಸಿದರೆ ಉಳುಕು ಬಿಡುತ್ತದೆ ಎಂಬುದು ಹಳ್ಳಿಗಳ ನಂಬಿಕೆ. ಲಂಗ ಹಾಕುವ ವಯಸ್ಸಿನಿಂದಲೂ ಅವರ ಮನೆಯ ಜಗುಲಿಯ ಮೇಲೆ ಯಾರಾದರೊಬ್ಬರು ಬೆನ್ನು ಕೊಟ್ಟು ಬೋರಲು ಮಲಗಿರುತ್ತಿದ್ದರು.

“ಒಂದ್ಸಲ ಕತ್ತು ಹಿಡ್ಕಂಡಿದ್ದ ಹುಡುಗನ್ನ ಕರ್ಕಬಂದ್ರು. ಕಾಲ್ ಹೆಬ್ಬೆಟ್ಟು ತಾಗಿಸ್ದೆ, ಬುಡ್ಲಿಲ್ಲ. ಆಮೇಲೆ ಯಾರೋ ದೊಡ್ಡೋರು ತಲೆ ಹಿಡ್ದು ಲಟಕ್ ಅನ್ಸುಬುಟ್ರು ಸಾ. ಅವತ್ತಿಂದ ಆ ಹುಡುಗನ ಬಲಗೈಲಿ ಲೋಟ ನಿಲ್ತಿರ್ಲಿಲ್ಲ.” ಮಾಯಮ್ಮನ ಕೈ ಖಾಲಿ ಮಂಚದ ಹಾಸಿಗೆಯನ್ನು ಒರೆಸುತ್ತಲೇ ಇರುತ್ತದೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತದೆ.

ದೊಡ್ಡವರ ಸೊಂಟಕ್ಕೆ ಅವರು ಈಗಲೂ ಕಾಲು ತಾಗಿಸುತ್ತಾರೆ, ಬೇಡವೆಂದರೆ ಬಂದವರು ಬಿಡುವುದಿಲ್ಲ. ಮಕ್ಕಳ ಕತ್ತೆಂದರೆ ಮಾತ್ರ ಕಾಲು ಚಪ್ಪಲಿಯಿಂದ ಈಚೆ ಬರುವುದಿಲ್ಲ. ಚನ್ನಪಟ್ಟಣದಲ್ಲಿ ಮರದ ಬೊಂಬೆ ಕಡೆಯುವ ಶುಕೂರ್ ತಮ್ಮ ಮಗಳು ಸುಹಾನಾಳನ್ನು ಆಟೋದಲ್ಲಿ ಮರಳವಾಡಿಗೆ ತಂದದ್ದೂ ಆ ಕಾಲಿಗೇ. ಮಾಯಮ್ಮ ಅದೇ ಆಟೋಗೆ ತಾವೂ ಹತ್ತಿ, ಎಲ್ಲರನ್ನೂ ಇಲ್ಲಿಗೆ ಕರೆತಂದರು.

“ಬೈದ್ಬುಟ್ಟೆ ಸಾ, ಪಾಪ,” ಎನ್ನುತ್ತಾ ಮಧ್ಯಾಹ್ನ ಅಕ್ಬರಿ ಬೇಗಂ ಕೈಗೆ ಟೀ ಲೋಟ ಕೊಡುತ್ತಾರೆ. ಬೈದರೂ ಅಜ್ಜಿಯ ಕೈ ಸುಮ್ಮನಿರದು ಎಂಬುದು ಅವರಿಗೆ ಗೊತ್ತು. ಹಾಗಾಗಿ ಸಂಜೆ ಬಂದ ಶುಕೂರ್‌ಗೆ ಒಂದು ಕೆಲಸ ಹೇಳುತ್ತಾರೆ. ಮರುದಿನ ಶುಕೂರ್ ಅರಗು ಬಣ್ಣದ ಪುಟ್ಟ ಗಿಲಕಿಯೊಂದನ್ನು ತಂದು ಚೀಲದ ಅಡಿಗೆ ಕಟ್ಟುತ್ತಾರೆ. ಹುಡುಗಿ ತುಸು ಮಿಸುಕಿದರೂ ಗಿಲಗಿಲ. ಚೀಲ ಎಲ್ಲಾದರೂ ಕೂತರೆ ಸದ್ದಿಲ್ಲ.

“ಸದ್ದು ನಿಂತ್ರೆ ಮಗಾ ಹಟ್ಟಿಗ್ ಹೋಗೋದು ತಡ ಆಯ್ತದೆ ಅಕ್ಕಾ. ಇದ್ರ ಕಾವಲು ನಿಮ್ದೇಯ,” ಎಂದು ಅಜ್ಜಿಗೆ ಒಪ್ಪಿಸುತ್ತಾರೆ. ಅಂದಿನಿಂದ ಅಕ್ಬರಿ ಬೇಗಂ ಬೇರೆ ಅಜ್ಜಿಯರನ್ನೂ ಆ ಚೀಲದ ಹತ್ತಿರ ಬಿಡುತ್ತಿಲ್ಲ. ಆದರೂ ಮಾಯಮ್ಮನಿಗೆ ಸಮಾಧಾನವಿಲ್ಲ. ಕಾರಿಡಾರಿನಲ್ಲಿ ನಡೆಯುವಾಗಲೂ ಅರೆಕ್ಷಣ ನಿಂತು ಕಿವಿ ಕೊಡುತ್ತಾರೆ.

ಸುಹಾನಾಳ ಮಂಚಕ್ಕೆ ಬಾಗಿಲು ಬಲಗಡೆ. ಹಾಗಾಗಿ ಒಳಗೆ ಬರುವ ಮಾಯಮ್ಮನನ್ನು ಅವಳು ನೋಡಿದ್ದೇ ಇಲ್ಲ. ಚಪ್ಪಲಿಯ ಚಟಪಟ ಕೇಳಿಯೇ “ಮಾಯಜ್ಜೀ” ಎನ್ನುತ್ತಾಳೆ. ಎಡಗಡೆಗೆ ಸುತ್ತಿಕೊಂಡು ಹೋಗಿ ನಿಂತರೆ ಮುಖ ಕಾಣುತ್ತದೆ, ಅಷ್ಟೇ.

ಸೋಮವಾರ. ರಜೆ ಸಿಕ್ಕಿರದ ಖುರ್ಷಿದಾ ರಾತ್ರಿ ಶಿಫ್ಟ್ ಮುಗಿಸಿ ನೇರ ಬಂದಿದ್ದಾರೆ, ಕಣ್ಣು ಕೆಂಡದಂತಾಗಿದೆ. ಡಾಕ್ಟರು ಪಟ್ಟಿ ಬಿಚ್ಚುತ್ತಾರೆ. ಯಾರೂ ಮುಟ್ಟಬಾರದು, ಅವಳೇ ತಿರುಗಿಸಬೇಕು. ಹುಡುಗಿ ಹೆದರಿ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಶುಕೂರ್ ಬಲಗಡೆ ನಿಂತು ಬುಗುರಿ ತೋರಿಸುತ್ತಾರೆ, “ಬೇಟಾ” ಎನ್ನುತ್ತಾರೆ. ಅವಳು ಕಣ್ಣೇ ತೆರೆಯುವುದಿಲ್ಲ.

ಮಾಯಮ್ಮ ಒಳಗಿಲ್ಲ. ನೋಡಲಾರೆನೆಂದು ಕಾರಿಡಾರಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಾರೆ. ಅದೂ ಆಗದೆ ಬಾಗಿಲು ತಳ್ಳುತ್ತಾರೆ. ಚಟಪಟ.

ಸುಹಾನಾ ಕಣ್ಣು ತೆರೆಯುತ್ತಾಳೆ. ಗಲ್ಲ ಮೆಲ್ಲಗೆ ಮೇಲಕ್ಕೆ, ನಡುವಿಗೆ, ಆಮೇಲೆ ಇನ್ನೂ ಒಂದಿಷ್ಟು ಬಲಕ್ಕೆ ಬರುತ್ತದೆ. ಬಾಗಿಲಲ್ಲಿ ನಿಂತವರನ್ನು ಮೇಲಿನಿಂದ ಕೆಳಗಿನ ತನಕ ನೋಡುತ್ತಾಳೆ.

“ಮಾಯಜ್ಜೀ, ನಿನ್ ಚಪ್ಲಿ ಬಾರು ಒಂದು ಕೆಂಪು, ಒಂದು ನೀಲಿ!”

ಕಿತ್ತುಹೋದ ಬಾರಿಗೆ ಸಿಕ್ಕಿದ ಬಣ್ಣದ್ದು ಹಾಕಿಸಿಕೊಂಡು ಅವರು ಓಡಾಡುತ್ತಿದ್ದದ್ದನ್ನು ಇಷ್ಟು ದಿನ ಅವರ ಬೆನ್ನ ಹಿಂದೆಯೇ ಓಡಾಡಿದ ನಾನೂ ಗಮನಿಸಿರಲಿಲ್ಲ. ಅಕ್ಬರಿ ಬೇಗಂ ಬಿಕ್ಕುತ್ತಾರೆ. ಡಾಕ್ಟರು ನಕ್ಕು, ಇನ್ನೂ ಕೆಲವು ವಾರ ಕತ್ತುಪಟ್ಟಿ ಬೇಕು, ಬೆಂಗಳೂರು ಸದ್ಯಕ್ಕೆ ಬೇಡ ಎನ್ನುತ್ತಾರೆ. ಖುರ್ಷಿದಾ ಮಂಚದ ಅಂಚಿನಲ್ಲಿ ಕುಸಿದು ಕೂರುತ್ತಾರೆ.

ಮಾಯಮ್ಮ ಕೂರುವುದಿಲ್ಲ. ಆಗಲೇ ಪಕ್ಕದ ಮಂಚದ ಚೀಲದ ಕಡೆ ಬಗ್ಗಿದ್ದಾರೆ. ನಿಮಗೇನು ಆಸೆ ಎಂದು ಕೇಳಿದ್ದಕ್ಕೆ ಬಗ್ಗಿದಲ್ಲಿಂದಲೇ ಹೇಳುತ್ತಾರೆ:

“ಮಕ್ಕಳ ಕತ್ತು ಹಿಡ್ಕಂಡ್ರೆ ನನ್ ಹಟ್ಟಿಗೆ ಬರ್ಬಾರ್ದು ಸಾ, ಸೀದಾ ಇಲ್ಗೇ ಬರ್ಬೇಕು. ಇನ್ನೇನು? ಈ ಕಾಲು ಮುಟ್ಟಿಸ್ಕಳ್ಳಕ್ಕೆ ಅಂತ ಬಂದಿದ್ ಮಗ ಕಣಪ್ಪಾ ಅದು. ಬರೀ ನೋಡಕ್ಕೇ ಅಂತ ಕತ್ತು ತಿರುಗಿಸ್ತಲ್ಲ!”